ಬಿ.ಎಸ್ಸಿ ನರ್ಸಿಂಗ್ ಆಯ್ತು, ಮುಂದೆ? ‘ಪ್ರಾಕ್ಟೀಷನರ್’ ಅನ್ನೋ ಪದದ ಕಥೆ

ಇವತ್ತಿನ ಎಪಿಸೋಡ್ ಶುರುವಾಗಿದ್ದು ಮಳವಳ್ಳಿಯಿಂದ ಬಂದ ಒಂದು ಫೋನ್‌ನಿಂದ. ನಮ್ ದೊಡ್ಡಮ್ಮನ ಮಗಳು, ಮಂಡ್ಯದ ಒಂದು ಖಾಸಗಿ ಆಸ್ಪತ್ರೆಲಿ ಮೂರು ವರ್ಷದಿಂದ ಐಸಿಯು ನರ್ಸ್. ನೈಟ್ ಡ್ಯೂಟಿ ಮುಗಿಸಿ ಬಸ್ಸಲ್ಲಿ ಕೂತು ಫೋನ್ ಮಾಡಿದ್ಲು: “ನೀನು ಬಿ.ಕಾಂ ಓದ್ದೋನು, ಲೆಕ್ಕ ಹಾಕಿ ಹೇಳ್ಲಾ. ಎಂ.ಎಸ್ಸಿ ಮಾಡ್ಲಾ, ಇಲ್ಲ ನರ್ಸ್ ಪ್ರಾಕ್ಟೀಷನರ್ ಮಾಡ್ಲಾ?”

ಫೀಸು, ಎರಡು ವರ್ಷದ ಸಂಬಳ ಬಿಡೋದು, ಇದೆಲ್ಲ ಲೆಕ್ಕಕ್ಕೆ ಸಿಗುತ್ತೆ. ಆದರೆ ‘ಪ್ರಾಕ್ಟೀಷನರ್’ ಅನ್ನೋ ಪದಕ್ಕೆ ಎಷ್ಟು ಬೆಲೆ ಕಟ್ಟೋದು? ಅದಕ್ಕೆ ಇತಿಹಾಸ ನೋಡ್ಲೇಬೇಕಾಯ್ತು.

ಪದ ಹುಟ್ಟಿದ್ದು ಅಮೆರಿಕದಲ್ಲಿ. 1965ರಲ್ಲಿ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಲೊರೆಟ್ಟಾ ಫೋರ್ಡ್ ಅನ್ನೋ ನರ್ಸ್, ಹೆನ್ರಿ ಸಿಲ್ವರ್ ಅನ್ನೋ ಮಕ್ಕಳ ಡಾಕ್ಟರ್ ಸೇರಿ ಮೊದಲ ತರಬೇತಿ ಶುರು ಮಾಡಿದ್ರು. ಡಾಕ್ಟರ್ ಸಿಗದ ಕಡೆ ನರ್ಸೇ ಮಗೂನ ಪರೀಕ್ಷೆ ಮಾಡಬೇಕು ಅನ್ನೋದು ಯೋಚನೆ. ಫೋರ್ಡ್ 2025ರ ಜನವರಿಯಲ್ಲಿ, 104ನೇ ವಯಸ್ಸಲ್ಲಿ ತೀರಿಕೊಂಡ್ರು. ಅಷ್ಟೊತ್ತಿಗೆ ಅಲ್ಲಿನ ಅನೇಕ ರಾಜ್ಯಗಳಲ್ಲಿ ನರ್ಸ್ ಪ್ರಾಕ್ಟೀಷನರ್ ಸ್ವಂತವಾಗಿ ಔಷಧಿ ಚೀಟಿ ಬರೀಬಹುದಿತ್ತು.

ನಮ್ಮ ಕಡೆ ಕೊರತೆ ಇನ್ನೂ ಹಳೇದು. 1946ರ ಭೋರ್ ಸಮಿತಿ ವರದಿ ಪ್ರಕಾರ ದೇಶದಲ್ಲಿ 43,000 ಜನಕ್ಕೆ ಒಬ್ಬರೇ ನರ್ಸ್. ಅದೇ ವರ್ಷ ದೆಹಲಿ ಮತ್ತು ವೆಲ್ಲೂರಲ್ಲಿ ನರ್ಸಿಂಗ್ ಪದವಿ ಶುರುವಾಯ್ತು, 1947ರಲ್ಲಿ ಭಾರತೀಯ ನರ್ಸಿಂಗ್ ಕೌನ್ಸಿಲ್‌ಗೆ ಕಾಯ್ದೆ ಬಂತು. ಅದಕ್ಕೂ ಮುಂಚೆ, 1930ರ ದಶಕದಲ್ಲೇ, ಮದ್ದೂರು ದಾಟಿ ಬೆಂಗಳೂರಿಗೆ ಹೋಗೋ ದಾರಿಯ ರಾಮನಗರದಲ್ಲಿ (ಆಗ ಕ್ಲೋಸ್‌ಪೇಟೆ) ಮೈಸೂರು ಸರ್ಕಾರ ರಾಕ್‌ಫೆಲರ್ ಫೌಂಡೇಶನ್ ಜೊತೆ ಆರೋಗ್ಯ ಘಟಕ ನಡೆಸ್ತಿತ್ತು. ಸೂಲಗಿತ್ತಿ ತರಬೇತಿ ಪಡೆದ ಹೆಣ್ಮಕ್ಕಳು ಹಳ್ಳಿ ಮನೆಗಳಿಗೇ ಹೋಗೋರು. ಹೆಸರು ಇರ್ಲಿಲ್ಲ, ಕೆಲಸ ಮಾತ್ರ ಇತ್ತು.

ಈಗ ನೋಡಿ. 2016-17ರ ಆಸುಪಾಸಲ್ಲಿ ಕೌನ್ಸಿಲ್ ‘ನರ್ಸ್ ಪ್ರಾಕ್ಟೀಷನರ್ ಇನ್ ಕ್ರಿಟಿಕಲ್ ಕೇರ್’ ಅನ್ನೋ ಎರಡು ವರ್ಷದ ಸ್ನಾತಕೋತ್ತರ ಕೋರ್ಸ್ ತಂತು. ಬಿ.ಎಸ್ಸಿ ಜೊತೆ ಒಂದು ವರ್ಷ ಅನುಭವ ಬೇಕು. ರೆಸಿಡೆನ್ಸಿ ಮಾದರಿ, ಅಂದ್ರೆ ಕ್ಲಾಸ್‌ಗಿಂತ ವಾರ್ಡ್ ಜಾಸ್ತಿ. ಅಕ್ಕನ ಐಸಿಯು ಅನುಭವಕ್ಕೆ ಇದು ಚೆನ್ನಾಗಿ ಹೊಂದುತ್ತೆ. ಆದರೆ ಮುಗಿಸಿದ ಮೇಲೂ ಅವಳು ಔಷಧಿ ಕೊಡೋದು ಆಸ್ಪತ್ರೆಯ ಪ್ರೋಟೋಕಾಲ್, ಸ್ಟ್ಯಾಂಡಿಂಗ್ ಆರ್ಡರ್ ಒಳಗೇ. ಕೊಲೊರಾಡೊದಿಂದ ಹೆಸರು ಬಂತು, ಅಧಿಕಾರ ದಾರಿಲೇ ಉಳೀತು.

ತಮಾಷೆ ಅಂದ್ರೆ, ಫೋರ್ಡ್ ಅವರ ಯೋಚನೆಗೆ ಹತ್ತಿರದ ಕೆಲಸ ಮಳವಳ್ಳಿ ತಾಲ್ಲೂಕಿನಂಥ ಹಳ್ಳಿಗಳ ಉಪಕೇಂದ್ರದಲ್ಲಿ ನಡೀತಿದೆ, ಬೇರೆ ಹೆಸರಲ್ಲಿ. 2018ರ ಆಯುಷ್ಮಾನ್ ಭಾರತ್ ನಂತರ ಬಂದ ಸಮುದಾಯ ಆರೋಗ್ಯ ಅಧಿಕಾರಿ, ಅಂದ್ರೆ ಸಿಎಚ್‌ಒ. ಬಹಳಷ್ಟು ಜನ ನರ್ಸಿಂಗ್ ಓದ್ದೋರೇ. ಬಿಪಿ, ಶುಗರ್ ನೋಡ್ತಾರೆ, ಡಾಕ್ಟರ್ ಬರೆದ ಮಾತ್ರೆ ಮುಂದುವರಿಸಿ ಕೊಡ್ತಾರೆ, ಕಷ್ಟ ಅನ್ಸಿದ್ರೆ ಮುಂದಕ್ಕೆ ಕಳಿಸ್ತಾರೆ. ಕೆಲಸ ಗುತ್ತಿಗೆದು, ಅದು ಬೇರೆ ಕಥೆ.

ಎಂ.ಎಸ್ಸಿದು ಹಾದಿ ಸ್ಪಷ್ಟ. ಪಾಠ ಮಾಡಬೇಕು ಅಂದ್ರೆ ಅದೇ ಸರಿ. ಅಕ್ಕನಿಗೆ ಪಾಠ ಬೇಡ, ರೋಗಿ ಪಕ್ಕದಲ್ಲೇ ಇರಬೇಕು. ಅದಕ್ಕೇ ನಾನು ಹೇಳಿದ್ದು: ಕಾಲೇಜಿನ ಬ್ರೋಷರ್ ಆಮೇಲೆ ನೋಡಕ್ಕ. ಮೊದಲು ಆ ಕೋರ್ಸ್‌ಗೆ ಕೌನ್ಸಿಲ್ ಅನುಮತಿ ಇದೆಯಾ ನೋಡು, ಐಸಿಯುಲಿ ಯಾರ ಕೈ ಕೆಳಗೆ ಕಲೀತೀಯ ಕೇಳು. ಕೊನೇದಾಗಿ, ಓದು ಮುಗಿಸಿದೋರಿಗೆ ಯಾವ ಆಸ್ಪತ್ರೇಲಿ ಆ ಹೆಸರಿನ ಹುದ್ದೆ, ಆ ಹೆಸರಿನ ಸಂಬಳ ಇದೆ ಅಂತ ವಿಚಾರಿಸು. ಹುದ್ದೇನೇ ಇಲ್ಲ ಅಂದ್ರೆ ನನ್ನ ಲೆಕ್ಕ ಎಲ್ಲಾ ತಲೆಕೆಳಗು.

ಅಕ್ಕ ಇನ್ನೂ ಅರ್ಜಿ ಹಾಕಿಲ್ಲ. ಆಫ್ ಇರೋ ದಿನ ಬೆಂಗಳೂರು, ಮೈಸೂರಿನ ಆಸ್ಪತ್ರೆಗಳಿಗೆ ಫೋನ್ ಮಾಡ್ತಾ ಇದ್ದಾಳೆ, “ನಿಮ್ಮಲ್ಲಿ ಆ ಪೋಸ್ಟ್ ಐತಾ?” ಅಂತ.