ಮೊಬೈಲ್ ಜಾಲ ವ್ಯಾಪ್ತಿಯ ಪರಿಶೀಲನೆ

ಮೊಬೈಲ್ ಜಾಲ ವ್ಯಾಪ್ತಿಯ ಪರಿಶೀಲನೆ ಎಂದರೆ ನಿರ್ದಿಷ್ಟ ಊರು, ಮನೆ ಅಥವಾ ಹೊಲದಲ್ಲಿ ಯಾವ ಸೇವಾದಾತ ಸಂಸ್ಥೆಯ ಸಂಕೇತ ದೊರೆಯುತ್ತದೆ, ಅದು ಯಾವ ತಲೆಮಾರಿನ ತಂತ್ರಜ್ಞಾನದ್ದು ಮತ್ತು ಎಷ್ಟು ಪ್ರಬಲವಾಗಿದೆ ಎಂಬುದನ್ನು ತಿಳಿಯುವ ಕ್ರಮ. ಭಾರತವನ್ನು ದೂರಸಂಪರ್ಕಕ್ಕಾಗಿ 22 ಪರವಾನಗಿ ಸೇವಾ ಕ್ಷೇತ್ರಗಳನ್ನಾಗಿ ವಿಂಗಡಿಸಲಾಗಿದೆ. ಕರ್ನಾಟಕ ಅವುಗಳಲ್ಲಿ ಒಂದು. ಕಾಸರಗೋಡು ಕೇರಳ ಕ್ಷೇತ್ರಕ್ಕೆ ಸೇರುತ್ತದೆ. ಕರ್ನಾಟಕದಲ್ಲಿ ಬಿಎಸ್‌ಎನ್‌ಎಲ್, ಏರ್‌ಟೆಲ್, ಜಿಯೋ ಮತ್ತು ವಿ ಸಂಸ್ಥೆಗಳು ಸೇವೆ ನೀಡುತ್ತಿವೆ. ಗ್ರಾಮೀಣ ಆಡುಮಾತಿನಲ್ಲಿ ಸಂಕೇತಕ್ಕೆ ‘ಟವರ್’ ಎಂದೇ ಹೆಸರು. ‘ಟವರ್ ಸಿಗುತ್ತಿಲ್ಲ’ ಎಂದರೆ ಸಂಕೇತ ಬರುತ್ತಿಲ್ಲ ಎಂದರ್ಥ.

ಹಿನ್ನೆಲೆ

ಭಾರತದ ಮೊದಲ ಮೊಬೈಲ್ ಕರೆ 1995ರ ಜುಲೈ 31ರಂದು ಕಲ್ಕತ್ತ ಮತ್ತು ದೆಹಲಿಯ ನಡುವೆ ನಡೆಯಿತು. ಆಗ ಜಾಲವಿಲ್ಲದಿರುವುದು ಒಂದು ಅನನುಕೂಲವಷ್ಟೇ ಆಗಿತ್ತು. ಇಂದು ಪಡಿತರ ಅಂಗಡಿಯ ಬೆರಳಚ್ಚು ಯಂತ್ರ, ಬ್ಯಾಂಕಿನ ಒಟಿಪಿ, ಯುಪಿಐ ಪಾವತಿ ಎಲ್ಲವೂ ಜಾಲವನ್ನೇ ಅವಲಂಬಿಸಿವೆ. ಉದ್ಯೋಗ ಖಾತರಿ ಕಾಮಗಾರಿಗಳ ಹಾಜರಾತಿಯನ್ನು ಆ್ಯಪ್ ಮೂಲಕ ದಾಖಲಿಸುವುದು 2023ರ ಜನವರಿ 1ರಿಂದ ಕಡ್ಡಾಯವಾಯಿತು. ಕೋವಿಡ್ ಕಾಲದ ಆನ್‌ಲೈನ್ ತರಗತಿಗಳಿಗಾಗಿ ಮಲೆನಾಡು ಹಾಗೂ ಕರಾವಳಿಯ ಒಳಪ್ರದೇಶಗಳ ವಿದ್ಯಾರ್ಥಿಗಳು ಗುಡ್ಡ ಹತ್ತಬೇಕಾಯಿತು. 2021ರ ಜೂನ್‌ನಲ್ಲಿ ಸುಳ್ಯ ತಾಲ್ಲೂಕಿನ ರಸ್ತೆಬದಿಯಲ್ಲಿ ಪಾಠ ಕೇಳುತ್ತಿದ್ದ ಮಗಳಿಗೆ ಮಳೆಯಲ್ಲಿ ತಂದೆ ಕೊಡೆ ಹಿಡಿದು ನಿಂತಿದ್ದ ಛಾಯಾಚಿತ್ರ ರಾಜ್ಯದಾಚೆಗೂ ಪ್ರಚಾರ ಪಡೆಯಿತು.

ಭೂರಚನೆಯ ಪ್ರಭಾವ

ರೇಡಿಯೋ ಅಲೆಗಳು ಹೆಚ್ಚುಕಡಿಮೆ ನೇರ ರೇಖೆಯಲ್ಲಿ ಸಾಗುತ್ತವೆ. ಬೆಟ್ಟ, ದಟ್ಟ ಮರ, ಕಾಂಕ್ರೀಟ್ ಗೋಡೆಗಳು ಅವನ್ನು ತಡೆಯುತ್ತವೆ ಅಥವಾ ಕುಗ್ಗಿಸುತ್ತವೆ. ಇದಕ್ಕೆ ಚಿಕ್ಕಮಗಳೂರು ಜಿಲ್ಲೆ ಉತ್ತಮ ನಿದರ್ಶನ. ಜಿಲ್ಲೆಯ ಪೂರ್ವಕ್ಕಿರುವ ಕಡೂರು, ಬೀರೂರು, ಚೌಳಹಿರಿಯೂರು, ಅಜ್ಜಂಪುರಗಳ ಕಡೆಯದು ಬಯಲುಸೀಮೆ. ಇಂತಹ ತೆರೆದ ನೆಲದಲ್ಲಿ ಒಂದು ಗೋಪುರದ ಸಂಕೇತ ಹಲವು ಕಿಲೋಮೀಟರ್ ಸಾಗಬಲ್ಲದು. ತರೀಕೆರೆ ತಾಲ್ಲೂಕಿನ ಪಶ್ಚಿಮ ಭಾಗದಲ್ಲಿ ಕೆಮ್ಮಣ್ಣುಗುಂಡಿ, ಬಾಬಾಬುಡನ್ ಗಿರಿಶ್ರೇಣಿ ಮತ್ತು ಭದ್ರಾ ಅಭಯಾರಣ್ಯದ ಕಾಡು ಆರಂಭವಾಗುತ್ತವೆ. ಅಲ್ಲಿ ಗುಡ್ಡದ ಒಂದು ಮಗ್ಗುಲಲ್ಲಿ ಪೂರ್ಣ ಸಂಕೇತವಿದ್ದು ಮತ್ತೊಂದು ಮಗ್ಗುಲಲ್ಲಿ ಏನೂ ಇಲ್ಲದಿರಬಹುದು.

ಬಯಲುಸೀಮೆಯಲ್ಲಿಯೂ ವ್ಯಾಪ್ತಿ ಏಕರೂಪವಾಗಿರುವುದಿಲ್ಲ. ತೆಂಗು, ಅಡಿಕೆ ತೋಟಗಳ ಒಳಗೆ, ಕೆರೆಯ ಏರಿಯ ಹಿಂದಿನ ತಗ್ಗಿನಲ್ಲಿ, ತಗಡಿನ ಛಾವಣಿಯ ಮನೆಯಲ್ಲಿ ಸಂಕೇತ ಕ್ಷೀಣಿಸುತ್ತದೆ. ಹೆಂಚಿನ ಮನೆಗಿಂತ ಆರ್‌ಸಿಸಿ ಮನೆಯ ಒಳಕೋಣೆಯಲ್ಲಿ ನಷ್ಟ ಹೆಚ್ಚು.

ಆವರ್ತನವೂ ಮುಖ್ಯ. 700, 850, 900 ಮೆಗಾಹರ್ಟ್ಸ್‌ನಂತಹ ಕೆಳ ಆವರ್ತನಗಳು ದೂರ ಸಾಗಿ ಗೋಡೆಗಳನ್ನೂ ಸಾಕಷ್ಟು ಭೇದಿಸುತ್ತವೆ. 2300 ಮೆಗಾಹರ್ಟ್ಸ್‌ನ 4ಜಿ ಹಾಗೂ 3300 ಮೆಗಾಹರ್ಟ್ಸ್‌ನ 5ಜಿ ಹೆಚ್ಚು ವೇಗ ನೀಡಿದರೂ ಅವುಗಳ ತಲುಪು ಕಡಿಮೆ. ಆದ್ದರಿಂದಲೇ ಒಂದೇ ಗೋಪುರದ 4ಜಿ ದೊರೆಯುವ ಮನೆಯಲ್ಲಿ 5ಜಿ ದೊರೆಯದಿರುವುದು ಸಾಮಾನ್ಯ.

ನಕ್ಷೆಗಳ ಮೂಲಕ ಪರಿಶೀಲನೆ

ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು (ಟ್ರಾಯ್) 2024ರಲ್ಲಿ ಹೊರಡಿಸಿದ ಸೇವಾ ಗುಣಮಟ್ಟದ ನಿಯಮಾವಳಿಯು ಪ್ರತಿಯೊಂದು ಸಂಸ್ಥೆಯೂ ತನ್ನ 2ಜಿ, 3ಜಿ, 4ಜಿ, 5ಜಿ ವ್ಯಾಪ್ತಿಯ ನಕ್ಷೆಯನ್ನು ಜಾಲತಾಣದಲ್ಲಿ ಪ್ರಕಟಿಸಬೇಕೆಂದು ವಿಧಿಸಿತು. ಊರಿನ ಹೆಸರು ಅಥವಾ ಪಿನ್‌ಕೋಡ್ ನಮೂದಿಸಿ, ಸಿಮ್ ಕೊಳ್ಳುವ ಮುನ್ನವೇ ಇವನ್ನು ನೋಡಬಹುದು. ಈ ನಕ್ಷೆಗಳು ಬಹುಮಟ್ಟಿಗೆ ಗಣಕದ ಲೆಕ್ಕಾಚಾರದಿಂದ ಸಿದ್ಧವಾದವು; ಪ್ರತಿ ಮನೆಯ ಅಂಗಳದಲ್ಲಿ ಅಳೆದು ಬರೆದವಲ್ಲ. ಅವು ತೋರುವ ಬಣ್ಣವನ್ನು ಮನೆಯ ಹೊರಗಿನ ಅಂದಾಜು ಸ್ಥಿತಿಯೆಂದು ತಿಳಿಯುವುದು ಸೂಕ್ತ. ಚೌಳಹಿರಿಯೂರಿನ ಹೆಸರಿನ ಮೇಲೆ ಬಣ್ಣವಿದ್ದ ಮಾತ್ರಕ್ಕೆ ಊರಾಚೆಯ ತೋಟದ ಮನೆಯೂ ಅದರೊಳಗೆ ಸೇರಿದೆ ಎನ್ನಲಾಗದು. ನಕ್ಷೆಯನ್ನು ಹಿಗ್ಗಿಸಿ ಆ ಜಾಗವನ್ನೇ ನೋಡಬೇಕಾಗುತ್ತದೆ.

ಓಪನ್‌ಸಿಗ್ನಲ್, ಎನ್‌ಪರ್ಫ್ ಮುಂತಾದ ಖಾಸಗಿ ನಕ್ಷೆಗಳು ಬಳಕೆದಾರರ ಫೋನುಗಳಿಂದ ಬಂದ ಅಳತೆಗಳನ್ನು ಆಧರಿಸಿವೆ. ಹೆದ್ದಾರಿ ಮತ್ತು ಪಟ್ಟಣಗಳಲ್ಲಿ ಇವು ಹೆಚ್ಚು ನಂಬಲರ್ಹ. ಹಳ್ಳಿಯ ಮೇಲೆ ಖಾಲಿ ಜಾಗ ಕಂಡರೆ ಸಂಕೇತವಿಲ್ಲವೆಂದು ತೀರ್ಮಾನಿಸಲಾಗದು. ಆ ಆ್ಯಪ್ ಉಳ್ಳವರಾರೂ ಅಲ್ಲಿಗೆ ಹೋಗದಿರಬಹುದು. ದೂರಸಂಪರ್ಕ ಇಲಾಖೆಯು 2017ರ ಮೇ ತಿಂಗಳಲ್ಲಿ ಆರಂಭಿಸಿದ ‘ತರಂಗ್ ಸಂಚಾರ್’ ಜಾಲತಾಣವು ಸುತ್ತಲಿನ ಗೋಪುರಗಳ ಮಾಹಿತಿಯನ್ನು ನೀಡುತ್ತದೆ. ಅದರ ಮೂಲ ಉದ್ದೇಶ ವಿಕಿರಣ ಪ್ರಮಾಣದ ಬಗ್ಗೆ ಸಾರ್ವಜನಿಕರಿಗೆ ತಿಳಿಸುವುದಾದರೂ, ಹತ್ತಿರದ ಗೋಪುರ ಯಾವ ದಿಕ್ಕಿನಲ್ಲಿದೆ ಎಂಬುದನ್ನು ಅರಿಯಲು ಉಪಯುಕ್ತ.

ಸ್ಥಳದಲ್ಲಿ ಅಳೆಯುವುದು

ಫೋನಿನ ಮೇಲ್ಭಾಗದ ಕಡ್ಡಿಗಳು ನಿಖರ ಅಳತೆಯಲ್ಲ. ಎಷ್ಟು ಸಂಕೇತಕ್ಕೆ ಎಷ್ಟು ಕಡ್ಡಿ ತೋರಿಸಬೇಕೆಂಬುದನ್ನು ತಯಾರಕರೇ ನಿರ್ಧರಿಸುತ್ತಾರೆ. ನಿಜವಾದ ಅಳತೆ ಡಿಬಿಎಂ ಎಂಬ ಮಾನದಲ್ಲಿರುತ್ತದೆ. ಬಹುತೇಕ ಆಂಡ್ರಾಯ್ಡ್ ಫೋನುಗಳಲ್ಲಿ ಸೆಟ್ಟಿಂಗ್ಸ್‌ನ ‘ಫೋನಿನ ಬಗ್ಗೆ’ ವಿಭಾಗದ ಸಿಮ್ ಸ್ಥಿತಿಯಲ್ಲಿ ಇದು ಕಾಣುತ್ತದೆ. ಐಫೋನಿನಲ್ಲಿ *3001#12345#* ಎಂದು ಒತ್ತಿ ಕರೆ ಮಾಡಿದರೆ ಪರೀಕ್ಷಾ ಪರದೆ ತೆರೆಯುತ್ತದೆ.

ಈ ಸಂಖ್ಯೆ ಋಣಾತ್ಮಕವಾಗಿದ್ದು, ಸೊನ್ನೆಗೆ ಹತ್ತಿರವಾದಷ್ಟೂ ಸಂಕೇತ ಪ್ರಬಲ. 4ಜಿಯಲ್ಲಿ −80ರ ಆಸುಪಾಸು ಉತ್ತಮ, −100ರ ಆಸುಪಾಸು ಸಾಧಾರಣ; −110 ದಾಟಿದರೆ ಕರೆ ಕಡಿಯತೊಡಗುತ್ತದೆ, −120ರಲ್ಲಿ ಸಂಪರ್ಕ ಹೆಸರಿಗಷ್ಟೇ. ಮಾನವು ಲಾಗರಿತಮಿಕ್ ಆದ್ದರಿಂದ ಹತ್ತು ಅಂಕಗಳ ಕುಸಿತವೆಂದರೆ ಶಕ್ತಿ ಹತ್ತನೆಯ ಒಂದು ಭಾಗಕ್ಕಿಳಿದಂತೆ. ಅಂಗಳದಲ್ಲಿ −90 ಇದ್ದು ಅಡುಗೆಮನೆಯಲ್ಲಿ −110 ಇದ್ದರೆ ಒಳಗೆ ತಲುಪುತ್ತಿರುವುದು ನೂರರಲ್ಲಿ ಒಂದು ಪಾಲು ಮಾತ್ರ.

ಸಂಕೇತ ಪ್ರಬಲವಾಗಿದ್ದೂ ಇಂಟರ್‌ನೆಟ್ ನಿಧಾನವಾಗಿದ್ದರೆ ಅದು ವ್ಯಾಪ್ತಿಯ ಕೊರತೆಯಲ್ಲ, ದಟ್ಟಣೆ. ಸಂಜೆಯ ಹೊತ್ತು, ಸಂತೆ, ಜಾತ್ರೆಗಳಲ್ಲಿ ಇದು ಕಂಡುಬರುತ್ತದೆ. ಟ್ರಾಯ್ 2016ರಲ್ಲಿ ಬಿಡುಗಡೆ ಮಾಡಿದ ‘ಮೈಸ್ಪೀಡ್’ ಆ್ಯಪ್ ವೇಗವನ್ನು ಅಳೆಯುತ್ತದೆ. ಬೆಳಗ್ಗೆ, ಸಂಜೆ ಮತ್ತು ವಿದ್ಯುತ್ ಕಡಿತದ ವೇಳೆ ಬೇರೆ ಬೇರೆಯಾಗಿ ಅಳೆಯುವುದು ಒಳ್ಳೆಯದು. ಗೋಪುರದ ಬ್ಯಾಟರಿ ಸೋತು, ಜನರೇಟರ್ ಇಲ್ಲದಿದ್ದಲ್ಲಿ, ಕರೆಂಟಿನೊಡನೆ ಜಾಲವೂ ಹೋಗುತ್ತದೆ. ಯಾವ ನಕ್ಷೆಯೂ ಇದನ್ನು ತೋರಿಸುವುದಿಲ್ಲ.

ಸಂಸ್ಥೆ ಬದಲಾಯಿಸುವ ಮುನ್ನ

ಸಂಖ್ಯೆಯನ್ನು ಉಳಿಸಿಕೊಂಡು ಸಂಸ್ಥೆ ಬದಲಾಯಿಸುವ ಸೌಲಭ್ಯ 2011ರ ಜನವರಿ 20ರಿಂದ ದೇಶದಾದ್ಯಂತ ಜಾರಿಯಲ್ಲಿದೆ. 1900ಕ್ಕೆ ಸಂದೇಶ ಕಳುಹಿಸಿ ಪೋರ್ಟಿಂಗ್ ಸಂಕೇತಾಕ್ಷರ ಪಡೆಯಬೇಕು. ಒಮ್ಮೆ ಬದಲಾಯಿಸಿದ ಮೇಲೆ 90 ದಿನ ಮತ್ತೆ ಬದಲಾಯಿಸಲಾಗದು. ತಪ್ಪು ಆಯ್ಕೆಯಾದರೆ ಮೂರು ತಿಂಗಳು ಅದನ್ನೇ ಅನುಭವಿಸಬೇಕಾದ್ದರಿಂದ, ನೆರೆಯವರ ಅಥವಾ ನೆಂಟರ ಆ ಸಂಸ್ಥೆಯ ಫೋನನ್ನು ಮನೆ, ತೋಟ, ಕೊಟ್ಟಿಗೆಗಳಲ್ಲಿ ಬಳಸಿ ನೋಡುವುದು ಎಲ್ಲ ನಕ್ಷೆಗಳಿಗಿಂತ ಖಚಿತ. ಹಳೆಯ ಕೀಪ್ಯಾಡ್ ಫೋನ್ ಉಳ್ಳ ಹಿರಿಯರಿರುವ ಮನೆಗಳಲ್ಲಿ 2ಜಿ ಸೇವೆ ಇದೆಯೇ ಎಂಬುದನ್ನೂ ಗಮನಿಸಬೇಕು. ಜಿಯೋ ಜಾಲದಲ್ಲಿ 2ಜಿ ಇಲ್ಲ.

ವ್ಯಾಪ್ತಿ ಇಲ್ಲದ ಊರುಗಳು

ಜಾಲವಿಲ್ಲದ ಹಳ್ಳಿಗಳಿಗೆ 4ಜಿ ಒದಗಿಸಲು ಕೇಂದ್ರ ಸಚಿವ ಸಂಪುಟವು 2022ರ ಜುಲೈನಲ್ಲಿ 26,316 ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆ ನೀಡಿತು; ಅದು ದೇಶದ 24,680 ಹಳ್ಳಿಗಳನ್ನು ಗುರುತಿಸಿತ್ತು. ಅನುಷ್ಠಾನದ ಹೊಣೆ ಬಿಎಸ್‌ಎನ್‌ಎಲ್‌ನದು. ಅದರ ಸ್ವದೇಶಿ 4ಜಿ ಉಪಕರಣಗಳ ತಯಾರಿಕೆಯಲ್ಲಿ ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್ ಪಾಲುಗೊಂಡಿದೆ. ಸರ್ಕಾರಿ ನಿಧಿಯಿಂದ ನಿರ್ಮಿತವಾದ ಗೋಪುರಗಳಲ್ಲಿ ಒಂದು ಸಂಸ್ಥೆಯ ಗ್ರಾಹಕರು ಮತ್ತೊಂದರ 4ಜಿ ಬಳಸುವ ವ್ಯವಸ್ಥೆಗೆ 2025ರ ಜನವರಿಯಲ್ಲಿ ಚಾಲನೆ ದೊರೆಯಿತು.

ದೂರುಗಳನ್ನು ಮೊದಲು ಸೇವಾದಾತ ಸಂಸ್ಥೆಯ 198 ಸಂಖ್ಯೆಯಲ್ಲಿ ದಾಖಲಿಸಿ ದೂರು ಸಂಖ್ಯೆ ಪಡೆಯಬೇಕು. ಪರಿಹಾರ ತೃಪ್ತಿಕರವಲ್ಲದಿದ್ದರೆ ಅದೇ ಸಂಸ್ಥೆಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಟ್ರಾಯ್ ವೈಯಕ್ತಿಕ ದೂರುಗಳನ್ನು ವಿಚಾರಣೆ ಮಾಡುವುದಿಲ್ಲ. ದೂರಿನೊಡನೆ ಸ್ಥಳ, ದಿನಾಂಕ, ವೇಳೆ ಮತ್ತು ಡಿಬಿಎಂ ಅಳತೆಯನ್ನು ನೀಡಿದರೆ ‘ಟವರ್ ಇಲ್ಲ’ ಎಂಬ ಒಂದು ಸಾಲಿಗಿಂತ ಹೆಚ್ಚು ತೂಕ ಬರುತ್ತದೆ.

ತುರ್ತು ಕರೆ

ಸ್ವಂತ ಸಂಸ್ಥೆಯ ಸಂಕೇತ ಇಲ್ಲದ ಸ್ಥಳದಲ್ಲಿಯೂ, ಬೇರಾವುದಾದರೂ ಸಂಸ್ಥೆಯ ಹೊಂದಿಕೆಯಾಗುವ ಜಾಲ ಲಭ್ಯವಿದ್ದರೆ ಫೋನು ಅದರ ಮೂಲಕ 112ಕ್ಕೆ ಕರೆ ಮಾಡಬಲ್ಲದು. ಪರದೆಯ ಮೇಲೆ ‘ತುರ್ತು ಕರೆಗಳು ಮಾತ್ರ’ ಎಂದು ಕಾಣುವುದು ಈ ಸ್ಥಿತಿಯ ಸೂಚನೆ. ‘ಸೇವೆ ಇಲ್ಲ’ ಎಂದಿದ್ದರೆ ಸಾಮಾನ್ಯವಾಗಿ ಯಾವ ಸಂಸ್ಥೆಯ ಸಂಕೇತವೂ ಅಲ್ಲಿಲ್ಲ. ಎತ್ತರದ, ತೆರೆದ ಜಾಗಕ್ಕೆ ಹೋಗಿ ಮತ್ತೆ ಪ್ರಯತ್ನಿಸಬೇಕಾಗುತ್ತದೆ.