ನೆತ್ತಿಗೆ ಬಿಸಿನೀರು, ಬೆಂಗಳೂರಿನ ಇಲಿಗಳು

ಪುಣೆಯಲ್ಲಿ ಚಳಿ ಶುರುವಾಯ್ತು ಅಂದ್ರೆ ನನಗೆ ಅಜ್ಜಿಮನೆ ಬಚ್ಚಲು ನೆನಪಾಗುತ್ತೆ. ತಾಮ್ರದ ಹಂಡೆ, ಕಣ್ಣು ಉರಿಸೋ ಹೊಗೆ, ನೆತ್ತಿಗೆ ಎಣ್ಣೆ, ಆಮೇಲೆ ಚೊಂಬಿನ ಮೇಲೆ ಚೊಂಬು ಸುಡುನೀರು. ಇಲ್ಲಿ ಹಂಡೆ ಬದಲು ಗೀಸರ್, ಅಷ್ಟೇ. ನರಕ ಚತುರ್ದಶಿ ದಿನ ನಮ್ಮ ಮನೆಯಲ್ಲೂ, ಪಕ್ಕದ ಮರಾಠಿಯವರ ಮನೆಯಲ್ಲೂ ಅದೇ ಅಭ್ಯಂಜನ. ಈ ಸುಖದ ಸ್ನಾನವೇ ಕೆಲವರಿಗೆ ಫಿಟ್ಸ್ ತರುತ್ತೆ ಅಂದ್ರೆ ನಂಬ್ತೀರಾ?

ಇದಕ್ಕೆ ಬಿಸಿನೀರಿನ ಅಪಸ್ಮಾರ ಅಂತಾರೆ. 1945ರಲ್ಲಿ ನ್ಯೂಜಿಲೆಂಡ್‌ನಿಂದ ವರದಿ ಬಂದಿತ್ತು. ಆದರೆ ಇದು ಹೆಚ್ಚಾಗಿ ಸಿಕ್ಕಿದ್ದು ನಮ್ಮ ದಕ್ಷಿಣ ಕರ್ನಾಟಕದಲ್ಲಿ. ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು 1968ರಲ್ಲಿ ಇದರ ಬಗ್ಗೆ ಬರೆದರು, 1972ರಲ್ಲಿ 60 ರೋಗಿಗಳ ವಿವರ ಕೊಟ್ಟರು. 1988ರಲ್ಲಿ ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಅವರ ತಂಡ 279 ರೋಗಿಗಳನ್ನು ಮುಂದಿಟ್ಟಿತು. ತಲೆಸ್ನಾನದ ದಿನ, 40ರಿಂದ 50 ಡಿಗ್ರಿ ಬಿಸಿಯ ನೀರು ನೆತ್ತಿಗೆ ಬಿದ್ದಾಗಲೇ ತೊಂದರೆ. ವಿಚಿತ್ರ ಕೇಳಿ: ಕೆಲವರಿಗೆ ಆ ಹೊತ್ತಿನಲ್ಲಿ ಏನೋ ಹಿತ ಅನ್ನಿಸಿ, ಇನ್ನೂ ಇನ್ನೂ ಸುರಿದುಕೊಳ್ಳುತ್ತಾರಂತೆ! ಮಗು ಬಚ್ಚಲಲ್ಲಿ ಬಿದ್ದಾಗ ದೃಷ್ಟಿ ತೆಗೆಯೋ ಅಮ್ಮನಿಗೆ ನೀರಿನ ಮೇಲೆ ಅನುಮಾನ ಹೇಗೆ ಬರಬೇಕು ಹೇಳಿ?

ಆದರೆ ತಪ್ಪು ನೀರಿನದೋ, ಮೆದುಳಿನದೋ? ಅದನ್ನು ತಿಳಿಯಲು ಮನುಷ್ಯರ ತಲೆಗೆ ಮತ್ತೆ ಮತ್ತೆ ಬಿಸಿನೀರು ಸುರಿಯಲಾಗುತ್ತಾ? ಹಾಗಾಗಿ ಇಲಿಗಳು ಬಂದವು. (ಪಾಪ ಅನ್ನಿಸುತ್ತೆ, ನನಗೂ.) ಮತ್ತೆ ಮತ್ತೆ ಬಿಸಿನೀರು ತಾಗಿದ ಇಲಿಗಳಿಗೆ ಫಿಟ್ಸ್ ಸುಲಭವಾಗಿ ಬರತೊಡಗುತ್ತದೆ ಅಂತ 1984ರಲ್ಲೇ ಅಮೆರಿಕದ ವಿಜ್ಞಾನಿಗಳು ಬರೆದಿದ್ದರು. 1996ರಲ್ಲಿ ಜಿ.ಆರ್. ಉಳ್ಳಾಲ್, ಸತೀಶ್ಚಂದ್ರ, ಎಸ್.ಕೆ. ಶಂಕರ್ ಬೆಂಗಳೂರಿನಲ್ಲಿ ಇಲಿಗಳ ಮೈಬಿಸಿ ಏರಿಸಿ, ಮೆದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸಿದರು. ಅದೇ ವರ್ಷ, ಅಪಸ್ಮಾರದ ಔಷಧಿಗಳನ್ನೂ ಕ್ಯಾಲ್ಸಿಯಂ ತಡೆಯುವ ಒಂದು ಔಷಧವನ್ನೂ ಇಂಥ ಇಲಿಗಳ ಮೇಲೆ ಪರೀಕ್ಷಿಸಿದ ಲೇಖನವೂ ಬಂತು.

ನನ್ನ ನಿದ್ದೆ ಕೆಡಿಸಿದ್ದು 2006ರ ಅವರ ಲೇಖನ. ಪದೇ ಪದೇ ಫಿಟ್ಸ್ ಬಂದ ಇಲಿಗಳಿಗೆ ಮೊದಲಿಗಿಂತ ಕಡಿಮೆ ಬಿಸಿಯೇ ಸಾಕಾಗುತ್ತಿತ್ತು, ಫಿಟ್ಸ್ ಉದ್ದವೂ ಆಗುತ್ತಿತ್ತು. ನೆನಪಿನ ಕೇಂದ್ರವಾದ ಹಿಪೊಕ್ಯಾಂಪಸ್‌ನಲ್ಲಿ ನರತಂತುಗಳು ಹೊಸದಾಗಿ ಚಿಗುರಿದ್ದವು. ಅಂದ್ರೆ ಮೆದುಳು ಫಿಟ್ಸನ್ನು ಕಲಿಯುತ್ತಿತ್ತು! 'ಒಂದ್ಸಲ ತಾನೇ, ಬಿಡಿ' ಅನ್ನೋ ಮಾತು ಇನ್ನು ನನ್ನ ಬಾಯಲ್ಲಿ ಬರೋದಿಲ್ಲ.

ನಿಮ್ಮ ಮನೆಯಲ್ಲಿ ಸ್ನಾನದ ಹೊತ್ತಿಗೆ ಯಾರಾದರೂ ಮಂಕಾಗಿ ನಿಲ್ಲುತ್ತಾರಾ? ನರರೋಗ ತಜ್ಞರಿಗೆ 'ಬಚ್ಚಲಲ್ಲಿ' ಅನ್ನೋ ಪದವನ್ನು ಮರೆಯದೆ ಹೇಳಿ. ಎಷ್ಟೋ ಜನಕ್ಕೆ ನೀರಿನ ಬಿಸಿ ತಗ್ಗಿಸಿದರೇ ಸಾಕು. ಸಾಲದಿದ್ದರೆ ವೈದ್ಯರು ತಲೆಸ್ನಾನದ ದಿನಕ್ಕಷ್ಟೇ ಕ್ಲೋಬಜಾಮ್ ಬರೆದುಕೊಡುವುದುಂಟು: ಮಾತ್ರೆ ನುಂಗಿ, ಒಂದೂವರೆ-ಎರಡು ಗಂಟೆ ಕಾದು, ಆಮೇಲೆ ಬಚ್ಚಲಿಗೆ.