ಭೀಮಾ ದಂಡಿ ತಟ್ಟು

ನಮ್ಮ ಬಾಗೇವಾಡಿಯಿಂದ ಇಂಡಿ, ಸಿಂದಗಿ ದಾಟಿ ಹೋದ್ರ ಭೀಮಾ ಹೊಳಿ ಸಿಗತೈತಿ. ಭೀಮಥಡಿ ತಟ್ಟಿಗಿ ಹೆಸರು ಬಂದದ್ದು ಈ ಹೊಳಿಯಿಂದನ. ಗಿಡ್ಡ ಇದ್ರೂ ಭಾಳ ಗಟ್ಟಿ ಜಾತಿ. 17, 18ನೇ ಶತಮಾನದಾಗ ಮರಾಠಾ ದಂಡಿನವರು ಇಂಥಾ ಕುದುರಿ ಮ್ಯಾಲೆ ದಖ್ಖನ್ ಸುತ್ತಿದ್ರು. ದಂಡು ಹೋದ್ರೂ ತಟ್ಟು ಧನಗರ ಕುರಿಗಾರರ ಜೋಡಿ ಉಳೀತು. ಬೋಗುಣಿ, ಕೌದಿ, ಕೋಳಿ, ಒಮ್ಮೊಮ್ಮೆ ಕೂಸು ಸೈತ ಅದರ ಬೆನ್ನ ಮ್ಯಾಲೆ!

ಅದು ಬೆದರಿದ್ರ ಇಡೀ ಸಂಸಾರನ ನೆಲಕ್ಕ ಬಿದ್ದಂಗ. ಅದಕ್ಕ ಹೊಸಾ ಮರಿ ಪಳಗಸೂದ್ರಾಗ ಗಡಿಬಿಡಿ ನಡಿಯೂದಿಲ್ಲ. ಮೊದಲ ಕೈಯಾಗ ಮೇವು, ಹಗ್ಗ ಹಿಡದು ತಿರುಗಾಟ. ಆಮ್ಯಾಲೆ ಬೆನ್ನಿಗಿ ಬರೇ ಕಂಬಳಿ. ಮೂರು ವರ್ಷ ತುಂಬಿ ಎಲುಬು ಬಲಿತ ಮ್ಯಾಲೆ ಹಗುರ ಮಂದಿ ಹತ್ತಿ ನಾಕ ಹೆಜ್ಜಿ, ಅಷ್ಟ.

ಹೊಸ ಸೊಸಿಗೂ ಹಿಂಗ ವ್ಯಾಳ್ಯಾ ಕೊಟ್ರ ಚಲೋ ಅಲ್ಲೇನ್ರೆವಾ?